ಮೊಸರು ತರಲು ಹೋದವಳು

ಕೊಲೆಯ ಬಗ್ಗೆ ರಶ್ಮಿ ಮೇಡಂ ಕೈದಿಗಳನ್ನು ಮೊದಲು ಕೇಳುತ್ತಲೇ ಇರಲಿಲ್ಲ. ಅವತ್ತು ಬೆಳಿಗ್ಗೆ ಏನು ತಿಂದಿರಿ, ಯಾವ ಅಂಗಿ ಹಾಕಿದ್ದಿರಿ, ನಲ್ಲಿಯಲ್ಲಿ ನೀರು ಬಂದಿತ್ತಾ ಎಂದು ಶುರು ಮಾಡುತ್ತಿದ್ದರು. ಕೊಂದವರು ಕೊಲೆಯ ಕಥೆಯನ್ನು ಪೊಲೀಸರಿಗೆ, ವಕೀಲರಿಗೆ, ಜಡ್ಜಿಗೆ ಹೇಳಿ ಹೇಳಿ ನಯ ಮಾಡಿಟ್ಟುಕೊಂಡಿರುತ್ತಾರೆ. ಅವತ್ತಿನ ಉಪ್ಪಿಟ್ಟಿನ ಕಥೆಯನ್ನು ಯಾರೂ ನಯ ಮಾಡಿರುವುದಿಲ್ಲ ಎಂಬುದು ಅವರ ನಂಬಿಕೆ. ಅವರು ಬರೆಯುತ್ತಿದ್ದ ಪುಸ್ತಕವೆಲ್ಲ ಹೀಗೆ ಜೈಲಿನಲ್ಲಿ ಕೇಳಿದ ಮಾತುಗಳೇ.

ಒಳಗೆ ಫೋನು, ರೆಕಾರ್ಡರು ಬಿಡುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಕೂತು ಬರೆದುಕೊಳ್ಳಲು ಉಮಾಶ್ರೀ ಇದ್ದಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರೂ ಅವಳ ಕೈ ಓಡುತ್ತಿತ್ತು. ಬಾಯಿ ಮಾತ್ರ ಓಡುತ್ತಿರಲಿಲ್ಲ. ಅದೂ ಅನುಕೂಲವೇ ಆಗಿತ್ತು. ತಲೆ ತಗ್ಗಿಸಿ ಬರೆಯುವ ಹುಡುಗಿಯನ್ನು ಕೈದಿಗಳು ಸ್ವಲ್ಪ ಹೊತ್ತಿಗೆ ಮರೆತೇ ಬಿಡುತ್ತಿದ್ದರು.

ಆ ಶುಕ್ರವಾರದ ಕೈದಿ ಜಟ್ಟೆಪ್ಪ. ಅವಳ ಅಪ್ಪ.

ಮೇಡಂಗೆ ಇದು ಗೊತ್ತಿರಲಿಲ್ಲ. ಉಮಾಶ್ರೀಯ ಆಧಾರ್ ಕಾರ್ಡಿನಲ್ಲಿದ್ದದ್ದು ಅವ್ವನ ತಂಗಿ, ಚಿಗವ್ವ ಶರಣವ್ವನ ಗಂಡ ಈರಯ್ಯನ ಹೆಸರು. ಈರಯ್ಯ ವಿಮಾನಪುರದ ಕಾರ್ಖಾನೆಯ ನೌಕರ. ಹೊಸ ತಿಪ್ಪಸಂದ್ರದ ಅವರ ಮನೆಯಲ್ಲೇ ಅವಳು ಬೆಳೆದದ್ದು. ಲಿಂಗರಾಜಪುರದ ಬಾಡಿಗೆ ಮನೆಯಲ್ಲಿ ಜಟ್ಟೆಪ್ಪ ಹೆಂಡತಿ ನೀಲವ್ವನನ್ನು ಕೊಂದಾಗ ಉಮಾಶ್ರೀಗೆ ಏಳು ವರ್ಷ. ಆಮೇಲೆ ಅಪ್ಪನನ್ನು ಅವಳು ನೋಡಿರಲಿಲ್ಲ.

ಅದೇ ವಾರ ಸ್ಟೇಷನ್ನಿನಿಂದ ಪೇದೆ ಮುನಿರಾಜ್ ಬಂದಿದ್ದ. ಜಟ್ಟೆಪ್ಪನ ಹದಿನಾಲ್ಕು ವರ್ಷ ತುಂಬಿದೆ, ಸನ್ನಡತೆ ಇದೆ, ಬಿಡುಗಡೆಗೆ ಹೆಸರು ಹೋಗಿದೆ. ಮನೆಯವರು ಕರೆದುಕೊಳ್ಳುತ್ತೇವೆ ಅಂದರೆ ಸುಲಭ, ಇಲ್ಲದಿದ್ದರೆ ಈ ಸಲ ಕೈತಪ್ಪಲೂಬಹುದು ಅಂದ. ಚಿಗವ್ವ ಎದ್ದು ಒಳಗೆ ಹೋದಳು. ಈರಯ್ಯ ಕಾಕಾ ಉಮಾಶ್ರೀಯ ಕಡೆ ನೋಡಿ, "ನೀ ಹೆಂಗಂತಿ ಹಂಗ, ಯವ್ವಾ" ಎಂದ. ಸೋಮವಾರ ಬರುತ್ತೇನೆ ಎಂದು ಮುನಿರಾಜ್ ಹೊರಟ.

ಅವ್ವ ಸತ್ತ ದಿನದ್ದು ಅವಳಿಗೆ ನೆನಪಿದ್ದದ್ದು ಇಷ್ಟೇ: ಅಪ್ಪ ಮೊಸರು ತಾ ಎಂದು ಕಳಿಸಿದ. ಬಂದು ನೋಡಿದರೆ ಒಳಗಿಂದ ಚಿಲಕ. ಮೆಟ್ಟಿಲ ಮೇಲೆ ಕೂತಳು. ತಣ್ಣಗಿದ್ದ ಪ್ಯಾಕೆಟ್ಟು ತೊಡೆಯ ಮೇಲೆ ಬೆಚ್ಚಗಾಯಿತು. ಕೋರ್ಟಿನಲ್ಲಿ ಮಾತ್ರ ಜಟ್ಟೆಪ್ಪ, ಜಗಳದ ಸಿಟ್ಟಿನಲ್ಲಿ ಕೈ ಮೀರಿತು, ಮಗು ಮಲಗಿತ್ತು ಎಂದಿದ್ದ. ಮೊಸರಿನ ವಿಷಯ ಗೊತ್ತಿದ್ದದ್ದು ಚಿಗವ್ವನಿಗೊಬ್ಬಳಿಗೇ. ಅವಳು ಉಮಾಶ್ರೀಯನ್ನು ಯಾರೆದುರಿಗೂ ನಿಲ್ಲಿಸಿರಲಿಲ್ಲ, ಹಾಗಾಗಿ ಅವಳನ್ನು ಯಾರೂ ಕೇಳಲೂ ಇಲ್ಲ. ಮೇಡಂ ಪಟ್ಟಿಯಲ್ಲಿ ಅಪ್ಪನ ಹೆಸರು ಕಂಡ ಅವಳು ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದಳು. ಅವನು ನಿಜ ಹೇಳಿದರೆ ಮುನಿರಾಜನಿಗೆ ಹೂಂ ಅನ್ನುವುದು. ಮಗು ಮಲಗಿತ್ತು ಅಂದರೆ ಇಲ್ಲ.

ಜಟ್ಟೆಪ್ಪ ಬಂದು ಕೂತ. ಜೈಲಿನ ಬೇಕರಿಯಲ್ಲಿ ಕೆಲಸ. ಮುಂಗೈ ತುಂಬ ಒಲೆಯ ಸುಟ್ಟ ಗೆರೆಗಳು, ಉಗುರಿನ ಸಂದಿಯಲ್ಲಿ ಮೈದಾ. ಚಹಾ ತಂದಿಟ್ಟ ಕೈದಿ ತೌಹೀದ್ ಬಾಗಿಲಲ್ಲೇ ನಿಂತು ನಕ್ಕ.

"ಇವ್ರ್ ಕಥೆ ನಂಗೂ ಬಾಯಿಪಾಠ ಮೇಡಂ. ಮಧ್ಯ ನಿಂತೋದ್ರೆ ಕರೀರಿ, ನಾನ್ ಮುಗಿಸ್ತೀನಿ."

"ಹೋಗಲೇ, ನಿನ್ನ ಕಥಿ ನೀ ಹೇಳ್ಕೋ" ಎಂದ ಜಟ್ಟೆಪ್ಪ.

ಮೇಡಂ ಎಂದಿನಂತೆ ಕೇಳಿದರು. "ಅವತ್ತು ಮಧ್ಯಾಹ್ನ ಮನೇಲಿ ಏನ್ ಅಡುಗೆ?"

"ಅಡಗಿ?" ಅವನು ತಡವರಿಸಿದ. "ರೊಟ್ಟಿ, ಹೆಸರುಕಾಳು. ಅನ್ನ, ಮೊಸರು... ಅಡಗಿ ಸುದ್ದಿ ಯಾಕ್ರಿ ಮೇಡಂ. ಜಗಳದ್ದು ಹೇಳ್ತೀನಿ ಕೇಳ್ರಿ."

ಹೇಳಿದ. ಎಲ್ಲಿ ನಿಟ್ಟುಸಿರು ಬಿಡಬೇಕೋ ಅಲ್ಲಿ ಬಿಟ್ಟ, ಎಲ್ಲಿ ಕಣ್ಣೊರೆಸಬೇಕೋ ಅಲ್ಲಿ ಒರೆಸಿದ. ಉಮಾಶ್ರೀ ಬರೆಯುತ್ತ ಹೋದಳು.

"ಮಗಳು ಎಲ್ಲಿದ್ಲು?"

"ಮಲಗಿತ್ರಿ ಕೂಸು. ದೇವರು ದೊಡ್ಡಾವ, ಏನೂ ನೋಡಲಿಲ್ಲ."

ಅವಳ ಪೆನ್ನು ನಿಂತಿತು. ಅಲ್ಲಿಗೆ ಮುಗಿಯಿತು ಅಂದುಕೊಂಡಳು. ಆದರೆ ಅಲ್ಲಿಗೆ ಬಿಡಲು ಆಗಲಿಲ್ಲ. ಮೇಡಂ ಜೊತೆ ಬರಲು ಶುರು ಮಾಡಿದ ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳು ಬಾಯಿ ತೆರೆದಳು.

"ಮೊಸರು ತರೋಕೆ ಯಾರನ್ನ ಕಳ್ಸಿದ್ರಿ?"

ಮೇಡಂ ಅವಳತ್ತ ತಿರುಗಿದರು. ಜಟ್ಟೆಪ್ಪ ಆಗಷ್ಟೇ ಅವಳನ್ನು ಕಂಡವನಂತೆ ನೋಡಿದ. ಮುಖವನ್ನಲ್ಲ, ಪೆನ್ನು ಹಿಡಿದ ಕೈಯನ್ನು. ಎಡಗೈ. ಚಿಕ್ಕವಳಿದ್ದಾಗ ಆ ಕೈಯಲ್ಲಿ ತುತ್ತು ಎತ್ತಿದರೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟು, ಬಲಗೈಗೆ ಕೊಡುತ್ತಿದ್ದವನು ಅವನೇ.  ಬಾಗಿಲಲ್ಲಿ ತೌಹೀದನ ನಗು ನಿಂತಿತ್ತು.

"ಕೂಸು ಮಲಗಿದ್ದಿಲ್ಲ. ಮೊಸರಿಗೆ ಕಳಿಸಿದ್ನಿ" ಎಂದ ಜಟ್ಟೆಪ್ಪ.

"ಮನೇಲಿ ಖಾಲಿಯಾಗಿತ್ತಾ?" ಮೇಡಂ ಮೆತ್ತಗೆ ಕೇಳಿದರು.

"ಇಲ್ರಿ. ಮನ್ಯಾಗ ಮೊಸರಿತ್ತು. ಆಕೀನ ಹೆಪ್ಪು ಹಾಕಿದ್ಲು, ಗಡಗಿ ತುಂಬ."

"ಮತ್ತೆ ಸಿಟ್ಟಲ್ಲಿ ಆಯ್ತು ಅಂದ್ರಿ?"

"ಸಿಟ್ಟು ಮುಂಜಾನೇನ ಇಳಿದಿತ್ರಿ."

ಈ ಮಾತನ್ನು ಅವನು ಯಾವ ನಿಟ್ಟುಸಿರೂ ಇಲ್ಲದೆ ಹೇಳಿದ. ಉಮಾಶ್ರೀ ಅದನ್ನೂ ಬರೆದಳು, ಅಕ್ಷರ ಸ್ವಲ್ಪವೂ ಸೊಟ್ಟಗಾಗಲಿಲ್ಲ. ಲಿಂಗರಾಜಪುರದ ಮನೆಯ ಕಪಾಟಿನ ಕೆಳಗಿನ ಸಾಲಿನಲ್ಲಿ, ತಟ್ಟೆ ಮುಚ್ಚಿಟ್ಟಿದ್ದ ಗಡಿಗೆ ಅವಳಿಗೆ ಈಗ ಕಾಣುತ್ತಿತ್ತು. ಅಂಗಡಿಗೆ ಹೋಗುವಾಗ ಅದನ್ನು ದಾಟಿಯೇ ಹೋಗಿದ್ದಳು.

ಸಮಯವಾಯಿತೆಂದು ವಾರ್ಡರ್ ಕರೆದ. ಜಟ್ಟೆಪ್ಪ ಎದ್ದವನು ಮೇಜಿನ ಮೇಲೆ ಅವಳತ್ತ ಬಾಗಿದ.

"ಸ್ಟೇಷನ್ನಿನವ್ರು ಮನಿಗಿ ಬಂದಿದ್ರೇನವ್ವಾ? ಯಾರಿಗೂ ಹೇಳದ್ದು ನಿನಗ ಹೇಳೀನಿ. ಈಗ ನೀ ನನ್ನ ಸಲುವಾಗಿ ಅವರಿಗೆ ಒಂದ್ ಮಾತು ಹೇಳು. ಅಷ್ಟ."

ಅವಳು ಪೆನ್ನಿನ ಕ್ಯಾಪು ಹಾಕಿದಳು.

ವಾಪಸು ಬರುವಾಗ ಕಾರು ದೊಮ್ಮಲೂರು ದಾಟಿದ ಮೇಲೆ ಮೇಡಂ ಕೇಳಿದರು.

"ಮೊದ್ಲೇ ಹೇಳ್ಬಾರ್ದಿತ್ತಾ ಉಮಾ?"

"ಹೇಳಿದ್ರೆ ಕರ್ಕೊಂಡ್ ಹೋಗ್ತಿರ್ಲಿಲ್ಲ ನೀವು."

ಮೇಡಂ ಹೌದೆಂದು ತಲೆಯಾಡಿಸಿದರು.

ಶನಿವಾರ, ಭಾನುವಾರ ಅವಳು ಅದನ್ನೇ ತಿರುವಿ ಹಾಕಿದಳು. ನಿಜ ಹೇಳಿದರೆ ಹೂಂ ಅನ್ನುತ್ತೇನೆ ಎಂದವಳು ತಾನೇ. ಅವನು ನಿಜವನ್ನೇ ಹೇಳಿದ್ದ. ಸುಳ್ಳು ಹೇಳಿದ್ದರೆ ಎಷ್ಟು ಸುಲಭವಿತ್ತು ಅನ್ನಿಸಿತು. ಚಿಗವ್ವ ತಟ್ಟೆಗೆ ಅನ್ನ ಹಾಕಿ ನಿಂತು, "ಏನಾಗೇತಿ ನಿನಗ?" ಎಂದು ಕೇಳಿದಳು. ಏನಿಲ್ಲ ಅಂದಳು.

ಸೋಮವಾರ ಮುನಿರಾಜ್ ಬಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಕಾಕಾ ಕುರ್ಚಿ ಎಳೆದು ಕೊಟ್ಟ. ಚಿಗವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಏನಮ್ಮಾ, ತೀರ್ಮಾನ ಮಾಡಿದ್ರಾ? ಕರ್ಕೊಳ್ತೀರಾ?"

"ಇಲ್ಲ ಸಾರ್."

"ಸ್ವಲ್ಪ ಯೋಚ್ನೆ ಮಾಡಿ. ವಯಸ್ಸಾಗಿದೆ, ಬ್ರೆಡ್ಡು ಬನ್ನು ಮಾಡ್ಕೊಂಡ್ ಇದಾರಂತೆ ಪಾಪ. ಇಷ್ಟ್ ವರ್ಷ ಆದ್ಮೇಲೂ ಭಯಾನಾ ನಿಮ್ಗೆ?"

"ಭಯ ಇಲ್ಲ."

"ಮತ್ತೆ? ಏನೋ ಒಂದು ಕಾರಣ ಬರ್ಕೋಬೇಕಲ್ಲ ನಾನು."

ಚಿಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಉಮಾಶ್ರೀ ಅವಳತ್ತ ನೋಡಲಿಲ್ಲ.

"ಅವತ್ತು ಮನೇಲಿ ಮೊಸರಿತ್ತು, ಸಾರ್."

ಮುನಿರಾಜ್ ಅವಳನ್ನು ನೋಡಿದ, ಕಾಕಾನನ್ನು ನೋಡಿದ.  ಮೊಸರಿನ ಮಾತು ತಲೆಗೆ ಹತ್ತದೆ, ಮನೆಯಲ್ಲಿ ಜಾಗವಿಲ್ಲ ಎಂದು ಬರೆದುಕೊಂಡು ಎದ್ದ. ಚಿಗವ್ವ ಸೆರಗು ಬಿಟ್ಟು ಹೊಸ್ತಿಲ ಮೇಲೆ ಕೂತಳು. ಅವಳಿಗೆ ಮಾತ್ರ ಅರ್ಥವಾಗಿತ್ತು.