ಆಣೆಯ ಗುಪ್ಪೆ

ಬೆಳಿಗ್ಗೆ ಗಡಿಯಾಚೆ ನನ್ನ ತವರಿನ ಕಾಡಿನಲ್ಲಿ ಮರ ಕಡಿಯುವಾಗ ನನ್ನ ಗಂಡ ಅಬ್ದೋನನ ಕೊಡಲಿ ಕಾವಿನಿಂದ ಕಳಚಿ ಹಾರಿ ನನ್ನ ತಮ್ಮ ಯಾಶೂಬನ ಕುತ್ತಿಗೆಗೆ ಬಿತ್ತು. ತಮ್ಮ ಅಲ್ಲೇ ಸತ್ತ. ಅಬ್ದೋನ ಗಡಿ ದಾಟಿ ಈಚೆ ನಮ್ಮ ಮನೆ ಸೇರಿದ. ಕೈತಪ್ಪಿ ಕೊಂದವರನ್ನು ಕಾಯುವ ಆಶ್ರಯದ ಊರಿಗೆ ಓಡು ಎಂದರೆ ಅವನಿಗೆ ಕಾಲೇ ಬರಲಿಲ್ಲ. ನನಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ರಕ್ತಕ್ಕೆ ರಕ್ತ ತೀರಿಸುವುದು ಹಿರಿಯ ಮಗನ ಕೆಲಸ. ನನ್ನ ಅಣ್ಣ ಗೆರಾ ಯಾವ ಕೆಲಸವನ್ನೂ ನಾಳೆಗೆ ಇಟ್ಟವನಲ್ಲ.

ರೊಟ್ಟಿ ಕಟ್ಟಿಕೊಂಡು ಗಡಿಯ ಕಲ್ಲುಗುಪ್ಪೆಗೆ ಓಡಿದೆ. ನನ್ನ ಮದುವೆಯ ದಿನ, ಬಾವಿಗಾಗಿ ಹೊಡೆದಾಡಿ ಸಾಕಾಗಿದ್ದ ತವರು, ಗಂಡನ ಮನೆ ಎರಡೂ ಕಡೆಯ ಗಂಡಸರು ತಲೆಗೊಂದು ಕಲ್ಲು ತಂದು ಅದನ್ನು ಒಟ್ಟಿದ್ದರು. ಎಣ್ಣೆ ಹೊಯ್ದು, ಕೇಡು ಬಗೆದು ಯಾರೂ ಇದನ್ನು ದಾಟುವುದಿಲ್ಲ, ಯೆಹೋವನೇ ಸಾಕ್ಷಿ ಎಂದು ಆಣೆಯಿಟ್ಟು, ಅದರ ಮೇಲೆಯೇ ಕೂತು ಉಂಡಿದ್ದರು. ಅಲ್ಲಿ ಉಂಡರೆ ಆಣೆಯನ್ನು ಹೊಸದಾಗಿ ಇಟ್ಟಂತೆ.

ಗೆರಾ ಆಗಲೇ ಬಂದಿದ್ದ. ಸೊಂಟದಲ್ಲಿ ಕತ್ತಿ, ಅಂಗಿಯ ಮೇಲೆ ತಮ್ಮನ ರಕ್ತ. ಗುಪ್ಪೆಯ ಮೇಲೆ ರೊಟ್ಟಿ ಬಿಚ್ಚಿಟ್ಟು, ಬೇಕೆಂದು ಮಾಡಿದ್ದಲ್ಲ ಎಂದೆ. ಅದು ಅವನಿಗೂ ಗೊತ್ತಿತ್ತು.

"ರೊಟ್ಟಿ ತೆಗಿ, ಹೊಗ್ಲಾ," ಎಂದು ನನ್ನ ಹೆಸರು ಹಿಡಿದು ಹೇಳಿದ. "ಗುಪ್ಪೆ ಇದ್ರೆ ತಾನೆ ಆಣೆ?"

ಕಲ್ಲುಗಳನ್ನು ಕಿತ್ತು ಎಸೆಯತೊಡಗಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಣ್ಣನ ಬುದ್ಧಿ ಚಿಕ್ಕಂದಿನಿಂದ ಹೀಗೇ. ಅಪ್ಪನ ಕಲ್ಲು ಹೋಯಿತು. ನನ್ನ ಮಾವನದು ಹೋಯಿತು. ತನ್ನದನ್ನೂ ಎಸೆದ. ಕೈ ಹಿಡಿದರೆ ಕೊಡವಿದ. ಗುಪ್ಪೆ ಮೊಣಕಾಲಿಗೆ ಇಳಿಯಿತು. ಆಗ ಅವನು ಬಿಳಿ ಕಲ್ಲೊಂದಕ್ಕೆ ಕೈಹಾಕಿದ.

"ಅದು ಯಾಶೂಬಂದು," ಎಂದೆ. "ಹೊರೋಕಾಗ್ದೆ ಉರುಳಿಸ್ಕೊಂಡು ಬಂದಿದ್ದ. ನೀನೇ ನಕ್ಕಿದ್ದೆ. ಎಸಿ ನೋಡೋಣ."

ಎದೆಯವರೆಗೆ ಎತ್ತಿದ. ಎಸೆಯಲಿಲ್ಲ. ತೋಳು ನಡುಗುವವರೆಗೂ ಹಿಡಿದುಕೊಂಡೇ ನಿಂತ. ಕೊನೆಗೆ ಕಲ್ಲನ್ನು ಇದ್ದ ಜಾಗದಲ್ಲೇ ಇಳಿಸಿ, ಅದರ ಪಕ್ಕ ಕುಸಿದು ಗೊಳೋ ಎಂದು ಅತ್ತ. ರೊಟ್ಟಿ ಮಾತ್ರ ಮುಟ್ಟಲಿಲ್ಲ.

"ನಿನ್ ಗಂಡ ಈ ಕಡೆ ಕಾಲಿಟ್ರೆ ಬಿಡಲ್ಲ," ಎಂದ.

ನನಗೆ ಅಷ್ಟು ಸಾಕಿತ್ತು. ಗಡಿಯ ನಮ್ಮ ಕಡೆ ಇರುವವರೆಗೆ ಗಂಡ ಬದುಕುತ್ತಾನೆ. ಆಗಲೇ ತಮ್ಮ ಸತ್ತದ್ದು ನನಗೆ ನಿಜವಾಗಿ ತಾಗಿದ್ದು. ಸಂಜೆಯೊಳಗೆ ಅವನನ್ನು ಹೂಳುತ್ತಾರೆ. ಕೊಂದವನ ಹೆಂಡತಿ ಯಾವ ಮುಖ ಹೊತ್ತು ತವರಿನ ಅಂಗಳಕ್ಕೆ ಹೋಗಬೇಕು?

"ನಾನು ಬರ್ಲಾ?" ಎಂದು ಕೇಳಿದೆ.

ಗೆರಾ ನನ್ನತ್ತ ನೋಡಲಿಲ್ಲ.

"ಅಮ್ಮ ಅವನ ಮೈ ತೊಳೆಯೋಕೆ ಯಾರ್ನೂ ಬಿಡ್ತಿಲ್ಲ," ಎಂದ. "ಹೊಗ್ಲಾ ಬರ್ಲಿ ಅಂತಾಳೆ."