ಇರುವೆ ಕಚ್ಚಿದ ಹಾಗೆ

ನನ್ನ ಗಂಡ ಹಲ್ಲಿನ ಡಾಕ್ಟರು. ಸೂಜಿ ಹಿಡಿದಾಗಲೆಲ್ಲ ರೋಗಿಗಳಿಗೆ ಹೇಳುವುದು ಒಂದೇ ಮಾತು: "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ." ಅಷ್ಟಾದರೂ ಯಾರಾದರೂ ಅತ್ತರೆ, "ಇಷ್ಟು ದೊಡ್ಡವರಾಗಿ ನಾಚಿಕೆ ಆಗಲ್ವಾ?" ಎಂದು ಗದರುತ್ತಾರೆ. ಹೊರಗೆ ಚೀಟಿ ಬರೆಯುತ್ತ ಕೂತ ನನಗೆ ಮೈಯೆಲ್ಲ ಉರಿಯುತ್ತದೆ.

ಕೊನೆಗೆ ಅವರಿಗೇ ಹಲ್ಲುನೋವು ಬಂತು. ಬಲಗಡೆಯ ದವಡೆ ಹಲ್ಲು, ಕೀಳಿಸಲೇಬೇಕು. ಕ್ಲಿನಿಕ್ಕಿನ ಪಕ್ಕದ ಕೋಣೆಯಲ್ಲೇ ನನ್ನ ನಾದಿನಿ ಇದ್ದಾಳೆ, ಅವಳೂ ಹಲ್ಲಿನ ಡಾಕ್ಟರೇ. ಆದರೆ "ನನ್ನ ತಂಗಿ ಕೈ ಇನ್ನೂ ಪಳಗಿಲ್ಲ" ಎಂದು ಇವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ಅವಳ ಮುಂದೆ ಬಾಯಿ ತೆರೆದರೆ ಮರ್ಯಾದೆ ಏನಾಗಬೇಕು? ಬರೀ ಹಾಲು ಕುಡಿದುಕೊಂಡು ಗಂಭೀರವಾಗಿ ಓಡಾಡಿದರು.

ಒಂದು ರಾತ್ರಿ ಎಚ್ಚರವಾದಾಗ ಪಕ್ಕದಲ್ಲಿ ಇವರಿಲ್ಲ. ಕೆಳಗೆ ಕ್ಲಿನಿಕ್ಕಿನಲ್ಲಿ ದೀಪ ಉರಿಯುತ್ತಿತ್ತು. ಇಳಿದು ಹೋದರೆ, ರೋಗಿಯ ಕುರ್ಚಿಯಲ್ಲಿ ಇವರು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಖಾಲಿ ಸಿರಿಂಜು. ಎಡಗಡೆಯ ತುಟಿ ಮರಗಟ್ಟಿ ಜೋತುಬಿದ್ದಿದೆ.

"ನೋವು ಬಲಗಡೆ ಅಲ್ವೇನ್ರೀ?"

ಎದುರಿಗೆ ಕೂತವರ ಬಲಗಡೆ ಇವರಿಗೆ ಯಾವತ್ತೂ ಎಡಗಡೆಯೇ. ಕನ್ನಡಿಯೊಳಗಿನ ಮುಖವನ್ನೂ ರೋಗಿ ಎಂದೇ ಎಣಿಸಿ, ಪಳಗಿದ ಕೈ ಎಡಕ್ಕೇ ಚುಚ್ಚಿಬಿಟ್ಟಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವರು ಅತ್ತರು. ಅದೂ ಅರ್ಧ ಮುಖದಲ್ಲಿ.

"ಭಯ ಆಗುತ್ತೆ ಕಣೇ," ಎಂದರು ತೊದಲುತ್ತ. "ಇಲ್ಲಿ ಮಲಗಿದ್ರೆ ಆ ದೀಪ ನೆಟ್ಟಗೆ ಕಣ್ಣಿಗೇ ಹೊಡೆಯುತ್ತೆ. ಇಲ್ಲೇ ಮಲಗಿಸ್ಕೊಂಡು ಎಷ್ಟು ಜನಕ್ಕೆ ಬೈದಿದ್ದೀನಲ್ಲ..."

ನನ್ನ ನಗು ನಿಂತಿತು. ದೊಡ್ಡ ದೀಪ ಆರಿಸಿ, ಸ್ಟೂಲು ಎಳೆದುಕೊಂಡು ಅವರ ಕೈ ಹಿಡಿದು ಕೂತೆ. ಮದುವೆಯಾದಾಗಿನಿಂದ ಈ ಮನುಷ್ಯನ ಮೇಲೆ ನನಗೆ ಅಷ್ಟು ಅಕ್ಕರೆ ಬಂದದ್ದು ಅದೇ ಮೊದಲು.

ಬೆಳಗ್ಗೆ ಕಾದು ಕೂತಿದ್ದ ರೋಗಿಗಳ ಎದುರಿಗೇ ತಂಗಿಯ ಬಾಗಿಲು ತಟ್ಟಿದರು. "ನೀನೇ ಕೀಳಮ್ಮ. ನಂಗೆ ತುಂಬಾ ಹೆದ್ರಿಕೆ ಆಗ್ತಿದೆ."

ಅವಳ ಕಣ್ಣು ತುಂಬಿ ಬಂತು. ಆದರೂ ಸೂಜಿ ಎತ್ತಿಕೊಂಡು, "ಏನೂ ಆಗಲ್ಲ ಅಣ್ಣ, ಇರುವೆ ಕಚ್ಚಿದ ಹಾಗೆ," ಎಂದಳು. ಇವರ ಕೂಗು ಬೀದಿಯವರೆಗೂ ಕೇಳಿಸಿತು. ಹಲ್ಲು ಮಾತ್ರ ಚೂರೂ ಮುರಿಯದೆ ಬಂತು. ಅದನ್ನು ಎಲ್ಲರಿಗೂ ತೋರಿಸಿ, "ನೋಡಿ, ನನ್ನ ತಂಗಿ ಕೈ!" ಎಂದರು.

ಈಗ ಇವರು ರೋಗಿಗಳಿಗೆ ಹೇಳುವುದೇ ಬೇರೆ: "ನೋಯುತ್ತೆ. ನಾನೂ ಅತ್ತಿದ್ದೆ. ಭಯ ಆದ್ರೆ ನಮ್ಮೋಳ ಕೈ ಹಿಡ್ಕೊಳ್ಳಿ."

ಎಲ್ಲರಿಗೂ ಭಯ ಆಗುತ್ತದೆ. ನನಗೆ ಚೀಟಿ ಬರೆಯಲು ಕೈಯೇ ಸಿಗುವುದಿಲ್ಲ.