ಸಣ್ಣ ಲೆನ್ಸು

ಆ ಫೋಟೊ ಮೊದಲು ನೋಡಿದಾಗ ನಾನು ತಿರುಗಿ ನನ್ನ ಬೆನ್ನ ಹಿಂದೆ ನೋಡಿಕೊಂಡೆ. ನಾನು ಬಗ್ಗಿ ಹುಲ್ಲು ಕೊಯ್ಯುತ್ತಿದ್ದೇನೆ, ಸೆರಗಿನ ಹಿಂದೆಯೇ ಚಿರತೆ ನಿಂತಿದೆ. ಮೂತಿ ಚಾಚಿದರೆ ಬೆನ್ನಿಗೆ ತಾಗಬೇಕು. ನಮ್ಮ ಕುಂತೂರಿನಲ್ಲಿ ಆ ಫೋಟೊ ಇಲ್ಲದ ಮೊಬೈಲಿಲ್ಲ. ಹೊನ್ನೂರಿನ ನಾದಿನಿಯಂತೂ ನನಗೇ ಫೋನ್ ಮಾಡಿ, ಶಿವರತ್ನಮ್ಮ ಬದುಕಿದ್ದಾಳಾ ಎಂದು ಕೇಳಿದಳು.

ತೆಗೆದವನು ನನ್ನ ಅಣ್ಣನ ಮಗ ಗುರುಪ್ರಕಾಶ. ಕೊಳ್ಳೇಗಾಲದಲ್ಲಿ ಸ್ಟುಡಿಯೊ ಇಟ್ಟು ಮದುವೆ ಫೋಟೊ ತೆಗೆಯುತ್ತಿದ್ದವನಿಗೆ ಈಚೆಗೆ ಕಾಡುಪ್ರಾಣಿಗಳ ಹುಚ್ಚು ಹಿಡಿದಿದೆ. ಮೊಳದುದ್ದದ ಲೆನ್ಸು ತಂದಿದ್ದಾನೆ. ಅಸಲಿಗೆ ಚಿರತೆ ನಿಂತಿದ್ದು ನನ್ನ ಬೆನ್ನ ಹಿಂದಲ್ಲ, ಎರಡು ಗದ್ದೆ ಆಚೆಗಿನ ಕಾಲುವೆ ಏರಿಯ ಮೇಲೆ. ದೊಡ್ಡ ಲೆನ್ಸು ದೂರದ್ದನ್ನು ಎಳೆದು ತಂದು ಹತ್ತಿರದ್ದಕ್ಕೆ ಅಂಟಿಸಿಬಿಡುತ್ತದಂತೆ. ಅದನ್ನೂ ಅವನು ನಗುತ್ತಾ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಫೋಟೊ ಬಂದ ಮಾರನೆಯ ದಿನವೇ ಕಬ್ಬು ಕಡಿಯುವವರು ಅರ್ಧ ಹೊಲ ಹಾಗೇ ಬಿಟ್ಟು ಹೊರಟುಹೋದರು. ಅವರ ಮೇಸ್ತ್ರಿ ಮಾದಣ್ಣ ಹನೂರಿನ ಕಡೆಯವನು. ಹೆಂಗಸರು, ಮಕ್ಕಳು ಇರುವ ತಂಡ, ನಿಮ್ಮ ಹೊಲಕ್ಕೆ ಕಾಲಿಡುವುದಿಲ್ಲ ಎಂದುಬಿಟ್ಟ. ಫ್ಯಾಕ್ಟರಿಯವರು ಕೊಟ್ಟ ಕಟಾವಿನ ಸರದಿ ಈ ವಾರಕ್ಕೆ ಮುಗಿಯುತ್ತದೆ. ಆಮೇಲೆ ಉಳಿದ ಕಬ್ಬು ನಿಂತಲ್ಲೇ ಒಣಗಿ ಸೌದೆಯಾಗುತ್ತದೆ. ವರ್ಷವಿಡೀ ಅದಕ್ಕೆ ನೀರು ಕಟ್ಟಿದವಳು ನಾನು, ಗುರುವಿನ ಲೆನ್ಸಲ್ಲ.

ಅವನನ್ನು ಹೊಲಕ್ಕೇ ಕರೆಸಿದೆ. ಬ್ಯಾಗು ಬಿಚ್ಚಿಸಿದೆ. ದೊಡ್ಡದರ ಪಕ್ಕದಲ್ಲಿ ಗಿಡ್ಡನೆಯದೊಂದು ಮುದುರಿಕೊಂಡು ಬಿದ್ದಿತ್ತು.

"ಈ ಸಣ್ಣದ್ನ ಆಕ್ಲಾ. ಏರಿ ಎಷ್ಟು ದೂರ ಐತೆ ಅಂತ ಮಾದಣ್ಣ ಕಣ್ಣಾರೆ ನೋಡ್ಲಿ."

"ಅದು ಮದ್ವೆ ಲೆನ್ಸು ಅತ್ತೆ. ಅದ್ರಲ್ಲಿ ಚಿರ್ತೆ ಇರುವೆ ಥರ ಕಾಣುತ್ತೆ. ಕಾಡುಪ್ರಾಣಿಗೆ ಯಾರೂ ಅದ್ನ ಹಾಕಲ್ಲ."

"ಇರುವೆ ಥರ ಕಾಣ್ಲಿ ಅಂತ್ಲೇ ಏಳ್ತಿರೋದು ಕಣ್ಲಾ."

ಮಾದಣ್ಣನಿಗೂ ಹೇಳಿಕಳಿಸಿದ್ದೆ. ಒಲ್ಲದ ಮನಸ್ಸಿನಿಂದ ತಂಡವನ್ನು ಕರೆದುಕೊಂಡು ಬಂದ. ಇವರು ಹೊಲಕ್ಕೆ ಬಂದರೆ ಮೊದಲು ಜೋಲಿ ಕಟ್ಟುತ್ತಾರೆ, ಆಮೇಲೆ ಕತ್ತಿ ಮಸೆಯುತ್ತಾರೆ. ಮಾದಣ್ಣನ ಸೊಸೆ ಪದ್ಮಿನಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಕಟ್ಟಲೋ ಬೇಡವೋ ಎಂದು ಹೊಂಗೆ ಮರದ ಕೆಳಗೆ ನಿಂತೇ ಇದ್ದಳು. ಮರಕ್ಕೆ ಒತ್ತಿಕೊಂಡೇ ಕಡಿಯದೆ ಉಳಿದ ಕಬ್ಬು.

"ಕಟ್ಟವ್ವ, ನಾನಿಲ್ವಾ?" ಎಂದೆ.

ಅವಳು ಕೊಂಬೆಗೆ ಸೀರೆ ಬಿಗಿದು, ಕೂಸನ್ನು ಮಲಗಿಸಿ, ನೀರು ತರಲು ಹೋದಳು.

ನಾನು ಅವತ್ತು ಹುಲ್ಲು ಕೊಯ್ದ ಜಾಗದಲ್ಲೇ ನಿಂತೆ. ಗುರುವೂ ಅವತ್ತಿನ ಜಾಗದಲ್ಲೇ ನಿಂತು, ಮೊದಲು ದೊಡ್ಡ ಲೆನ್ಸಿನಲ್ಲಿ ಏರಿಯನ್ನು ನೋಡಿದ. ಏನೂ ಇಲ್ಲ ಎಂದು ಕೈ ಆಡಿಸಿದ. ಆಮೇಲೆ ಗೊಣಗುತ್ತಾ ಸಣ್ಣದನ್ನು ಹಾಕಿ ಒಂದು ತೆಗೆದ. ಮಾದಣ್ಣನನ್ನೂ ಕರೆದುಕೊಂಡು ನನ್ನ ಹತ್ತಿರ ಬಂದು ಕ್ಯಾಮೆರಾ ತೋರಿಸಿದ.

ನನಗೆ ಹಿಗ್ಗೋ ಹಿಗ್ಗು. ನಡುವೆ ನಾನು, ಎಲ್ಲೋ ಆಚೆ ದಾರದಷ್ಟು ತೆಳ್ಳಗೆ ಏರಿ. ನೋಡು ಮಾದಣ್ಣ, ಅಲ್ಲಿ ನಿಂತ ಚಿರತೆಗೆ ಹೆದರಿ ನೀನು ಇಲ್ಲಿ ಕಬ್ಬು ಬಿಟ್ಟು ಓಡಿದೆಯಲ್ಲ ಎಂದೆ. ಮಾದಣ್ಣ ಏರಿಯನ್ನು ನೋಡುತ್ತಿರಲಿಲ್ಲ. ಫೋಟೊದ ಎಡ ಮೂಲೆಯ ಮೇಲೆ ಬೆರಳಿಟ್ಟ.

ಗುರು ಆ ಮೂಲೆಯನ್ನು ದೊಡ್ಡದು ಮಾಡಿದ. ಹೊಂಗೆ ಮರ. ಜೋಲಿ. ಜೋಲಿಯ ಹಿಂದೆ ಒಣಗಿದ ಸೋಗೆಯ ನಡುವೆ ಒಂದು ಮುಖ, ಎರಡು ಕಣ್ಣು. ಕಣ್ಣು ಜೋಲಿಯ ಮೇಲಿತ್ತು.

ಈ ಸಲ ಎಳೆದು ತಂದು ಅಂಟಿಸಿದ್ದು ಏನೂ ಇರಲಿಲ್ಲ. ಮರ ಅಲ್ಲೇ, ನಮ್ಮ ಪಕ್ಕದಲ್ಲೇ ಇತ್ತು.

ನಾನು ಹೇಗೆ ಹೋದೆನೋ ದೇವರೇ ಬಲ್ಲ. ದನಕ್ಕೆ ಬೈಯುವ ಹಾಗೆ ಬೈಯುತ್ತಾ ಹೋದೆನಂತೆ. ಮಾದಣ್ಣ ಆಮೇಲೆ ಹೇಳಿದ. ನನಗೆ ನೆನಪಿರುವುದು ಜೋಲಿಯೊಳಗೆ ಕೈ ಹಾಕಿದಾಗ ತಗುಲಿದ ಕೂಸಿನ ಬೆಚ್ಚನೆಯ ಮೈ ಮಾತ್ರ. ಎತ್ತಿ ಎದೆಗೆ ಒತ್ತಿಕೊಂಡು ಹಿಂದೆ ಸರಿದೆ. ಸೋಗೆ ಸರಸರ ಅಂತು. ಅಲ್ಲಾಟ ಕಬ್ಬಿನ ಒಳಕ್ಕೆ ಹೋಗಿ ನಿಂತುಹೋಯಿತು. ಕೂಸಿಗೆ ಎಚ್ಚರವೇ ಆಗಲಿಲ್ಲ.

ಪದ್ಮಿನಿ ಬಿಂದಿಗೆ ಬಿಸಾಕಿ ಓಡಿ ಬಂದು ಕೂಸನ್ನು ಕಿತ್ತುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನೀವು ಕಟ್ಟು ಅಂದ್ರಿ," ಅಂದಳು, ಅಷ್ಟೆ.

ತಂಡ ಹೊರಟುಹೋಯಿತು. ನಾನು ಮತ್ತೆ ಕರೆಯಲು ಹೋಗಲಿಲ್ಲ. ಕಬ್ಬು ಒಣಗಿದರೆ ಒಣಗಲಿ. ಗುರು ಇನ್ನೂ ಆ ಫೋಟೊವನ್ನೇ ನೋಡುತ್ತಿದ್ದ. ಖಾಲಿ ಜೋಲಿ ಗಾಳಿಗೆ ತೂಗುತ್ತಿತ್ತು. ಆಗ ನೆನಪಾಯಿತು. ಅವತ್ತು ಹುಲ್ಲಿನ ಹೊರೆ ಕಟ್ಟಿ, ಸುಸ್ತಾಗಿ, ಕಬ್ಬಿಗೆ ಬೆನ್ನು ಕೊಟ್ಟು ನಾನು ಕಣ್ಣು ಮುಚ್ಚಿದ್ದು ಅದೇ ಹೊಂಗೆ ಮರದ ಕೆಳಗೆ.